ಕ್ಲಿಕ್ಕಿಗೆ ಮೊದಲೇ ಬಣ್ಣ

ವೆಲ್ವಿಯಾ, ಆಸ್ಟಿಯಾ, ರಿಯಾಲಾ… ಸ್ಟುಡಿಯೊಗಳ ಗಾಜಿನ ಕಪಾಟಿನಿಂದ ಮರೆಯಾದ ರೀಲುಗಳು ಡಿಜಿಟಲ್ ಕ್ಯಾಮೆರಾದ ಮೆನುವಿನಲ್ಲಿ ಮತ್ತೆ ಕಾಣಿಸಿಕೊಂಡಿವೆ. ಇವುಗಳ ಉಪಯೋಗವೇನು? ಯಾವುದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು?

2024ರಲ್ಲಿ ಬಂದ ಫ್ಯೂಜಿಫಿಲ್ಮ್ ಎಕ್ಸ್-ಟಿ50 ಕ್ಯಾಮೆರಾದ ಎಡ ಭುಜದ ಮೇಲೆ ಒಂದು ಡಯಲ್ ಇದೆ. ಅದು ಶಟರ್ ವೇಗದ್ದಲ್ಲ, ಐಎಸ್‌ಒದ್ದೂ ಅಲ್ಲ. ತಿರುಗಿಸಿದಂತೆಲ್ಲ ಒಂದೊಂದು ಹೆಸರು ಬರುತ್ತದೆ: ಪ್ರೊವಿಯಾ, ವೆಲ್ವಿಯಾ, ಆಸ್ಟಿಯಾ, ಕ್ಲಾಸಿಕ್ ಕ್ರೋಮ್, ರಿಯಾಲಾ ಏಸ್, ಕ್ಲಾಸಿಕ್ ನೆಗ್. ಹೆಸರಿನ ಜೊತೆಗೆ ವ್ಯೂಫೈಂಡರಿನಲ್ಲಿ ಕಾಣುವ ಲೋಕದ ಬಣ್ಣವೂ ಬದಲಾಗುತ್ತದೆ. ಹಸಿರು ಕಡುವಾಗುತ್ತದೆ, ಆಕಾಶ ಮಂಕಾಗುತ್ತದೆ, ಮುಖ ಮೃದುವಾಗುತ್ತದೆ. ಇದಕ್ಕೇ ಫಿಲ್ಮ್ ಸಿಮ್ಯುಲೇಷನ್ ಎನ್ನುವುದು. ಎಷ್ಟೋ ವರ್ಷ ಮೆನುವಿನ ಒಳಗೆಲ್ಲೋ ಇದ್ದ ಸೌಲಭ್ಯಕ್ಕೆ ಕಂಪನಿ ಕೊನೆಗೂ ಕೈಬೆರಳಿಗೆ ಸಿಗುವ ಜಾಗ ಕೊಟ್ಟಿತು. ಕೊಳ್ಳುವವರು ಕ್ಯಾಮೆರಾವನ್ನು ಯಾಕೆ ಕೊಳ್ಳುತ್ತಿದ್ದಾರೆ ಎಂಬುದು ಅದಕ್ಕೆ ಚೆನ್ನಾಗಿ ಗೊತ್ತಾಗಿತ್ತು.

ಹೆಸರುಗಳು ಬಂದದ್ದು ಕಂಪನಿಯ ಸ್ವಂತ ಅಟ್ಟದಿಂದಲೇ. 1934ರಲ್ಲಿ ಜಪಾನಿನ ಕನಗಾವ ಪ್ರಾಂತ್ಯದ ಅಶಿಗರದಲ್ಲಿ ಶುರುವಾದ ಫ್ಯೂಜಿ ಫೋಟೊ ಫಿಲ್ಮ್ ಏಳು ದಶಕ ಬದುಕಿದ್ದು ಮುಖ್ಯವಾಗಿ ರೀಲಿನ ಮೇಲೆ. ಜಗತ್ತಿನಲ್ಲಿ ಕಲರ್ ಫಿಲ್ಮಿನ ಬೇಡಿಕೆ ತುತ್ತತುದಿ ಮುಟ್ಟಿದ್ದು 2000ದ ಸುಮಾರಿಗೆ. ಮುಂದಿನ ಹತ್ತು ವರ್ಷಗಳಲ್ಲಿ ಅದು ಹತ್ತನೇ ಒಂದು ಪಾಲಿಗಿಂತ ಕೆಳಗಿಳಿಯಿತು. ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಫ್ಯೂಜಿ ಉಳಿದುಕೊಂಡಿತು. ಅದರ ದಾರಿ ಸ್ವಾರಸ್ಯದ್ದು. ರೀಲಿನ ಲೇಪಕ್ಕೆ ಬೇಕಾದ ಕೊಲಾಜೆನ್ ಜ್ಞಾನ, ಬಣ್ಣ ಮಾಸದಂತೆ ಕಾಯುವ ರಸಾಯನ ವಿದ್ಯೆ ಎರಡನ್ನೂ ಹೊತ್ತುಕೊಂಡು ಹೋಗಿ 2007ರಲ್ಲಿ ‘ಆಸ್ಟಾಲಿಫ್ಟ್’ ಎಂಬ ಮುಖದ ಕ್ರೀಮು ಮಾರತೊಡಗಿತು. ಚರ್ಮದ ಬಣ್ಣ ಹೇಗೆ ಬರಬೇಕು, ಹುಲ್ಲು ಎಷ್ಟು ಹಸಿರಾಗಿದ್ದರೆ ಜನ ಮೆಚ್ಚುತ್ತಾರೆ ಎಂಬ ಇನ್ನೊಂದು ವಿದ್ಯೆಯನ್ನು ಕ್ಯಾಮೆರಾದ ಪ್ರೊಸೆಸರಿಗೆ ಇಳಿಸಿತು. ಎಸ್3 ಪ್ರೊ, ಎಸ್5 ಪ್ರೊ ಕ್ಯಾಮೆರಾಗಳ ಕಾಲಕ್ಕೇ ಎಫ್1, ಎಫ್2 ಎಂಬ ಗೂಢ ಹೆಸರಿನಲ್ಲಿ ಈ ಪ್ರಯೋಗ ನಡೆದಿತ್ತು. 2011ರಲ್ಲಿ ಮಾರುಕಟ್ಟೆಗೆ ಬಂದ ಎಕ್ಸ್100, ಪ್ರೊವಿಯಾ-ವೆಲ್ವಿಯಾ-ಆಸ್ಟಿಯಾಗಳನ್ನು ಜನಪ್ರಿಯಗೊಳಿಸಿತು. ಆಮೇಲೆ 2014ರಲ್ಲಿ ಕ್ಲಾಸಿಕ್ ಕ್ರೋಮ್, 2016ರಲ್ಲಿ ಅಕ್ರೋಸ್, 2018ರಲ್ಲಿ ಎಟರ್ನಾ, 2019ರಲ್ಲಿ ಕ್ಲಾಸಿಕ್ ನೆಗ್, 2021ರಲ್ಲಿ ನೊಸ್ಟಾಲ್ಜಿಕ್ ನೆಗ್, 2023ರಲ್ಲಿ ರಿಯಾಲಾ ಏಸ್ ಬಂದವು.

ಇದೆಲ್ಲ ಬರೀ ಬಣ್ಣ ಬಳಿಯುವ ಫಿಲ್ಟರಲ್ಲವೇ, ಮೊಬೈಲಿನಲ್ಲಿ ಬೇಕಾದಷ್ಟಿವೆಯಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಬೇಕಾದರೆ ಸೆನ್ಸರ್ ಏನು ಮಾಡುತ್ತದೆಂದು ನೋಡಬೇಕು. ಸೆನ್ಸರಿಗೆ ಬಣ್ಣ ಗೊತ್ತಿಲ್ಲ. ಕೆಂಪು, ಹಸಿರು, ನೀಲಿ ಜಾಲರಿಯ ಹಿಂದೆ ಕೂತು, ತನ್ನ ಮೇಲೆ ಎಷ್ಟು ಬೆಳಕು ಬಿತ್ತು ಎಂದಷ್ಟೇ ಅದು ಲೆಕ್ಕ ಬರೆಯುತ್ತದೆ. ಬೆಳಕು ಇಮ್ಮಡಿಯಾದರೆ ಅಂಕಿಯೂ ಇಮ್ಮಡಿ. ರೀಲು ಹಾಗಿರಲಿಲ್ಲ. ಕಡುನೆರಳಿನಲ್ಲಿ ಅದು ನಿಧಾನ, ನಡುಬೆಳಕಿನಲ್ಲಿ ಚುರುಕು, ತೀರಾ ಬೆಳಕಿನಲ್ಲಿ ಮತ್ತೆ ಬಳಲುತ್ತಿತ್ತು. ಆ ಬಳಲಿಕೆಯೇ ಮೋಡದ ಅಂಚನ್ನು, ಹಣೆಯ ಹೊಳಪನ್ನು ಮೆತ್ತಗೆ ಬಿಳಿಗೆ ಜಾರಿಸುತ್ತಿತ್ತು. ಸೆನ್ಸರಿನ ಒಣ ಅಂಕಿಗಳನ್ನು ನಮ್ಮ ಕಣ್ಣು ಒಪ್ಪುವ ಚಿತ್ರವಾಗಿಸುವಾಗ ಇಂಥ ನೂರು ತೀರ್ಮಾನಗಳನ್ನು ಯಾರಾದರೂ ಮಾಡಲೇಬೇಕು. ಕ್ಯಾನನ್ ಆಗಲಿ, ನಿಕಾನ್ ಆಗಲಿ, ನಿಮ್ಮ ಫೋನಾಗಲಿ, ಒಬ್ಬ ಎಂಜಿನಿಯರ್ ಅದನ್ನು ಮೊದಲೇ ಮಾಡಿಟ್ಟಿರುತ್ತಾನೆ. ‘ಏನೂ ಎಡಿಟ್ ಮಾಡದ ಅಸಲಿ ಬಣ್ಣ’ ಎಂದು ಫೋಟೊದ ಕೆಳಗೆ ಬರೆದುಕೊಳ್ಳುವವರು ಆ ಎಂಜಿನಿಯರನ ಅಭಿರುಚಿಗೆ ಸಹಿ ಹಾಕಿರುತ್ತಾರೆ, ಅಷ್ಟೆ. ಸಿಮ್ಯುಲೇಷನ್ ಮಾಡುವ ಉಪಕಾರವೆಂದರೆ, ಆ ತೀರ್ಮಾನಕ್ಕೊಂದು ಹೆಸರಿಟ್ಟು ಆಯ್ಕೆಯನ್ನು ನಮ್ಮ ಕೈಗೆ ಕೊಡುವುದು.

ಅದೂ ಕ್ಲಿಕ್ ಮಾಡುವ ಮೊದಲೇ. ಮುಖ್ಯವಾದ ಮಾತು ಇದೇ. ಮನೆಗೆ ಬಂದು ಕಂಪ್ಯೂಟರಿನ ಮುಂದೆ ಬಣ್ಣ ಆರಿಸುವವನು ಸ್ಥಳದಲ್ಲಿ ಬಣ್ಣವನ್ನು ಗಮನಿಸಲೇಬೇಕೆಂದಿಲ್ಲ. ವ್ಯೂಫೈಂಡರಿನಲ್ಲಿ ಲೋಕ ಕಪ್ಪು-ಬಿಳುಪಾಗಿ ಕಾಣುತ್ತಿರುವವನು ಕೆಂಪು ಸೀರೆಯ ಹಿಂದೆ ಓಡುವುದಿಲ್ಲ. ಗೋಡೆಯ ಮೇಲೆ ಬಿದ್ದ ಕಿಟಕಿಯ ನೆರಳು ಅವನಿಗೆ ಮೊದಲು ಕಾಣುತ್ತದೆ.

ಒಂದು ರೀಲು, ಒಂದೇ ಬೆಳಕು

ಸಿಮ್ಯುಲೇಷನ್ ಆರಿಸಿದೊಡನೆ ಫೋಟೊ ಫಿಲ್ಮಿನಂತೆ ಬಂದುಬಿಡುತ್ತದೆಂದು ನಂಬಿದವರಿಗೆ ನಿರಾಸೆಯಾಗುತ್ತದೆ. ಅದಕ್ಕೆ ಸಾಮಾನ್ಯ ಕಾರಣ ಆಟೊ ವೈಟ್ ಬ್ಯಾಲೆನ್ಸ್. ರೀಲಿಗೆ ಆಟೊ ಇರಲಿಲ್ಲ. ಡೇಲೈಟ್ ಫಿಲ್ಮು ಸುಮಾರು 5500 ಕೆಲ್ವಿನ್ ಹಗಲಿಗೆ, ಟಂಗ್‌ಸ್ಟನ್ ಫಿಲ್ಮು 3200 ಕೆಲ್ವಿನ್ ದೀಪಕ್ಕೆ ಹೊಂದಿಸಿ ತಯಾರಾಗುತ್ತಿದ್ದವು. ಡೇಲೈಟ್ ರೀಲು ಹಾಕಿಕೊಂಡು ಬಲ್ಬಿನ ಕೆಳಗೆ ಹೋದರೆ ಮನೆಯೆಲ್ಲ ಕಿತ್ತಳೆ, ಟ್ಯೂಬ್‌ಲೈಟಿನ ಕೆಳಗೆ ಹೋದರೆ ಮುಖವೆಲ್ಲ ಹಸಿರು. 1989ರಲ್ಲಿ ಬಂದ ಫ್ಯೂಜಿಯ ರಿಯಾಲಾ ಫಿಲ್ಮಿನಲ್ಲಿ ಮೂರು ಬಣ್ಣಪದರಗಳ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಿದ್ದರಲ್ಲಿ ಈ ಟ್ಯೂಬ್‌ಲೈಟಿನ ಹಸಿರನ್ನು ತಗ್ಗಿಸುವ ಉದ್ದೇಶವೂ ಇತ್ತು. ಡಿಜಿಟಲ್ ಕ್ಯಾಮೆರಾದ ಆಟೊ ಮಾತ್ರ ಪ್ರತಿ ಕ್ಲಿಕ್ಕಿಗೂ ಬೆಳಕನ್ನು ಅಳೆದು ‘ಸರಿ’ ಮಾಡುತ್ತಲೇ ಇರುತ್ತದೆ. ಹಾಗೆ ಸರಿಪಡಿಸಿದ ಹತ್ತು ಫೋಟೊ ಪಕ್ಕಪಕ್ಕ ಇಟ್ಟರೆ ಅವು ಒಂದೇ ರೀಲಿನವು ಎನಿಸುವುದಿಲ್ಲ.

ನನ್ನ ಸಲಹೆ ಸರಳ: ಒಂದು ಹೊತ್ತಿಗೆ ಒಂದೇ ಸಿಮ್ಯುಲೇಷನ್, ವೈಟ್ ಬ್ಯಾಲೆನ್ಸ್ ಡೇಲೈಟಿನಲ್ಲಿ ಬೀಗ ಹಾಕಿದಂತೆ. ಸಂಜೆ ಆರೂವರೆಗೆ ಊರಿನ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಆಕಾಶ ಕಡುನೀಲಿಗೆ ತಿರುಗಿರುತ್ತದೆ, ಹಣ್ಣಿನ ಗಾಡಿಯ ಬಲ್ಬು ಕಿತ್ತಳೆ ಕಾರುತ್ತಿರುತ್ತದೆ, ಮೆಡಿಕಲ್ ಶಾಪಿನ ಬಿಳಿ ದೀಪ ತಣ್ಣಗೆ ಉರಿಯುತ್ತಿರುತ್ತದೆ. ಆಟೊ ಇವನ್ನೆಲ್ಲ ರಾಜಿ ಮಾಡಿಸಿ ಎಲ್ಲಕ್ಕೂ ಒಂದೇ ಕಳೆ ಕೊಡುತ್ತದೆ. ಡೇಲೈಟಿನಲ್ಲಿ ಮೂರೂ ಬೆಳಕು ತಂತಮ್ಮ ಬಣ್ಣದಲ್ಲಿ ಜಗಳವಾಡುತ್ತ ಉಳಿಯುತ್ತವೆ, ಸಂಜೆಯ ಬಸ್ ನಿಲ್ದಾಣ ಇರುವುದೂ ಹಾಗೆಯೇ.

ಇಲ್ಲೇ ಕ್ಲಾಸಿಕ್ ನೆಗ್ ಬಗ್ಗೆ ಹೇಳಬೇಕು. ಇದರ ಹಿಂದಿರುವುದು ಫ್ಯೂಜಿಯ ಸುಪೀರಿಯಾ ಎಂಬ ಸಾಮಾನ್ಯ ಕಲರ್ ನೆಗೆಟಿವ್. ಕಲಾವಿದರ ಫಿಲ್ಮಲ್ಲ, ಹುಟ್ಟುಹಬ್ಬಕ್ಕೂ ಪ್ರವಾಸಕ್ಕೂ ಜನ ಕೊಳ್ಳುತ್ತಿದ್ದ ರೀಲು. ಇದರಲ್ಲಿ ಬೆಳಕಿನ ಭಾಗಕ್ಕೊಂದು ಛಾಯೆ, ನೆರಳಿನ ಭಾಗಕ್ಕೆ ಇನ್ನೊಂದು. ಕಾಂಟ್ರಾಸ್ಟ್ ಬಿಗಿ, ಕೆಂಪು ಮಾತ್ರ ಎದ್ದು ಕಾಣುತ್ತದೆ. ವಿದೇಶಿ ವಿಮರ್ಶಕರು ಇದನ್ನು ತಮ್ಮ ಬಾಲ್ಯದ ಬೇಸಿಗೆ ರಜೆಗಳ ಜೊತೆ ಜೋಡಿಸುತ್ತಾರೆ. ನಮಗೆ ನೆನಪಾಗುವುದು ತೊಂಬತ್ತರ ದಶಕದ ಮದುವೆ ಆಲ್ಬಮ್. ಊರಿನ ಕಲರ್ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿ, ಪ್ಲಾಸ್ಟಿಕ್ ಹಾಳೆಯ ಅಡಿ ಸಿಕ್ಕಿಸಿದ ಧಾರೆಯ ಫೋಟೊ: ಮಂಟಪದ ತುಂಬ ಚೆಂಡುಹೂವು, ಫ್ಲ್ಯಾಷಿಗೆ ಬೆಳ್ಳಗಾದ ಪುರೋಹಿತರ ಹೆಗಲು, ಹಿಂದಿನ ಸಾಲಿನವರು ಹಸಿರುಗತ್ತಲಲ್ಲಿ, ಮೂಲೆಯಲ್ಲಿ ಕಿತ್ತಳೆ ಅಂಕಿಯ ತಾರೀಖು. ಕ್ಲಾಸಿಕ್ ನೆಗ್‌ನಲ್ಲಿ ಒಂದು ಮನೆಯ ಸಮಾರಂಭ ತೆಗೆದು ತೋರಿಸಿ, ಮನೆಯ ಹಿರಿಯರು ಯಾವ ತಾಂತ್ರಿಕ ವಿವರಣೆಯೂ ಇಲ್ಲದೆ ಅದನ್ನು ಗುರುತಿಸುತ್ತಾರೆ.

ವೆಲ್ವಿಯಾದ ಹಸಿರು, ವೇಷದ ಕೆಂಪು

ವೆಲ್ವಿಯಾ ಬಂದದ್ದು 1990ರಲ್ಲಿ, ಐಎಸ್‌ಒ 50ರ ಸ್ಲೈಡ್ ಫಿಲ್ಮಾಗಿ. ಪ್ರಕೃತಿ ಛಾಯಾಗ್ರಾಹಕರು ಅದಕ್ಕೆ ಮುಗಿಬಿದ್ದರು. 2005ರಲ್ಲಿ ಕಂಪನಿ ನಿಲ್ಲಿಸಿದಾಗ ಗಲಾಟೆಯಾಗಿ 2007ರಲ್ಲಿ ಮತ್ತೆ ತಯಾರಿಸಬೇಕಾಯಿತು. ಅದರ ಗುಣ ಉತ್ಪ್ರೇಕ್ಷೆ. ಹಸಿರಿದ್ದರೆ ಇನ್ನೂ ಹಸಿರು, ಕೆಂಪಿದ್ದರೆ ಇನ್ನೂ ಕೆಂಪು, ನೆರಳಿದ್ದರೆ ಕಗ್ಗತ್ತಲು.

ಇಂಥ ಫಿಲ್ಮನ್ನು ಬಿರುಬಿಸಿಲಿಗೆ ಬಳಸಬೇಕೆಂದು ಹಲವರು ತಿಳಿಯುತ್ತಾರೆ, ಆಗಬೇಕಾದದ್ದು ಉಲ್ಟಾ. ಮಧ್ಯಾಹ್ನದ ಬಿಸಿಲಿಗೆ ತನ್ನದೇ ಕಾಂಟ್ರಾಸ್ಟ್ ಧಾರಾಳವಾಗಿದೆ, ಅದರ ಮೇಲೆ ವೆಲ್ವಿಯಾ ಹೇರಿದರೆ ಮರದಡಿಯ ವಿವರವೆಲ್ಲ ಮಸಿಯಾಗುತ್ತದೆ. ವೆಲ್ವಿಯಾಕ್ಕೆ ಹೇಳಿ ಮಾಡಿಸಿದ್ದು ಮಲೆನಾಡಿನ ಜುಲೈ ತಿಂಗಳು. ದಿನವಿಡೀ ಮೋಡ, ಎಲ್ಲಿಯೂ ನೆರಳಿಲ್ಲ, ಅಡಿಕೆ ತೋಟದ ಮೇಲೆ ಬೆಳಕು ಹಾಲಿನ ಹಾಗೆ ಸಮನಾಗಿ ಬಿದ್ದಿರುತ್ತದೆ. ಬೇರೆ ಸೆಟ್ಟಿಂಗಿನಲ್ಲಿ ಸಪ್ಪೆಯಾಗುವ ಆ ದೃಶ್ಯದಲ್ಲಿ ಮರದ ಬುಡದ ಪಾಚಿ, ಒದ್ದೆ ಜಂಬಿಟ್ಟಿಗೆಯ ಕೆಂಪು, ಹಾಳೆಯ ಮೇಲಿನ ನೀರಿನ ಹೊಳಪು ಮೂರನ್ನೂ ವೆಲ್ವಿಯಾ ಬೇರೆಬೇರೆ ಎತ್ತಿ ಕೊಡುತ್ತದೆ. ಕಲರ್ ಸೊನ್ನೆಯಲ್ಲೇ ಇರಲಿ, ಬೇಕಾದರೆ ಎಕ್ಸ್‌ಪೋಷರ್ ಮೂರನೇ ಒಂದು ಸ್ಟಾಪಿನಷ್ಟು ಇಳಿಸಿ.

ಅದೇ ವೆಲ್ವಿಯಾ ಯಕ್ಷಗಾನದ ರಂಗಸ್ಥಳದಲ್ಲಿ ಸೋಲುತ್ತದೆ. ಬಡಗುತಿಟ್ಟಿನ ಆಟವೊಂದನ್ನು ಎಲ್‌ಇಡಿ ದೀಪದಲ್ಲಿ ತೆಗೆದ ಫೋಟೊ ಹಿಗ್ಗಿಸಿ ನೋಡಿದರೆ ಗೊತ್ತಾಗುತ್ತದೆ. ಕೆಂಪು ದಗಲೆ ಒಂದೇ ಕೆಂಪು ಚಪ್ಪಡಿಯಾಗಿರುತ್ತದೆ, ಮಡಿಕೆಯಿಲ್ಲ, ನೂಲಿಲ್ಲ. ಕಸೆ ಸೀರೆಯ ಚೌಕುಳಿಗಳು ಅಂಚಿನಲ್ಲಿ ಒಂದರೊಳಗೊಂದು ಕರಗಿರುತ್ತವೆ. ಮುಖದ ಮೇಲೆ ಅರದಾಳದ ಹಳದಿಗೂ ಇಂಗಳೀಕದ ಕೆಂಪಿಗೂ ನಡುವೆ ಕಲಾವಿದ ಗಂಟೆಗಟ್ಟಲೆ ಕೂತು ಬರೆದ ಗೆರೆಗಳು ಕಿತ್ತಳೆ ಬೆಂಕಿಯಲ್ಲಿ ಮುಳುಗಿರುತ್ತವೆ. ಕಾರಣ, ಕೆಂಪು ಚಾನೆಲ್ ತನ್ನ ಮಿತಿ ಮುಟ್ಟಿಬಿಟ್ಟಿರುತ್ತದೆ. ಅದರಾಚೆಗಿನ ವ್ಯತ್ಯಾಸ ತೋರಿಸಲು ಅಂಕಿಯೇ ಉಳಿದಿರುವುದಿಲ್ಲ. ಅಲ್ಲಿ ಬೇಕಾದದ್ದು ಪ್ರೊ ನೆಗ್ ಸ್ಟ್ಯಾಂಡರ್ಡ್ ಅಥವಾ ಎಟರ್ನಾದಂಥ ಶಾಂತ ಸಿಮ್ಯುಲೇಷನ್, ಕಲರ್ ಮೈನಸ್ ಎರಡು. ವೇಷ ಸಾಕಷ್ಟು ಅಬ್ಬರಿಸುತ್ತಿದೆ, ಫಿಲ್ಮೂ ಅಬ್ಬರಿಸುವುದು ಬೇಡ.

ಮೈಬಣ್ಣದ ವಿಷಯಕ್ಕೂ ಎಚ್ಚರ ಬೇಕು. ಕಲರ್ ಫಿಲ್ಮಿನ ಚರಿತ್ರೆಯಲ್ಲಿ ಕೊಡಾಕ್ ಲ್ಯಾಬುಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡು’ಗಳ ಕಥೆಯಿದೆ. ಬಣ್ಣ ಸರಿಯಿದೆಯೇ ಎಂದು ನೋಡಲು ಬಳಸುತ್ತಿದ್ದ ಆ ಚಿತ್ರಗಳಲ್ಲಿ ಬಹುಕಾಲ ಇದ್ದದ್ದು ಬಿಳಿ ಚರ್ಮದ ಹೆಂಗಸರೇ. ಕಪ್ಪು ಚರ್ಮದವರ ಮುಖ ಸರಿಯಾಗಿ ಮೂಡದಿದ್ದಾಗ ತಪ್ಪು ಫಿಲ್ಮಿನದೆಂದು ಬೇಗ ಯಾರೂ ಒಪ್ಪಲಿಲ್ಲ. ಹಳೆಯ ಫಿಲ್ಮುಗಳನ್ನು ಮರುಸೃಷ್ಟಿಸುವಾಗ ಈ ನೆನಪು ಇರಬೇಕು. ನಮ್ಮ ಗೋಧಿ, ಎಣ್ಣೆಗಪ್ಪು ಬಣ್ಣಗಳಿಗೆ ವೆಲ್ವಿಯಾ ಕೆಂಪು ಬಳಿಯುತ್ತದೆ. ಕ್ಲಾಸಿಕ್ ಕ್ರೋಮ್ ಬೆಳಕು ಕಡಿಮೆಯಿದ್ದರೆ ಮುಖವನ್ನು ಬೂದಿ ಮಾಡುತ್ತದೆ. ಆಸ್ಟಿಯಾ, ರಿಯಾಲಾ ಏಸ್ ಎರಡೂ ವಾಸಿ. ನೆರಳಿನ ಟೋನನ್ನು ಮೈನಸ್ ಒಂದಕ್ಕೆ ಇಳಿಸಿದರೆ ಕಣ್ಣಿನ ಕುಳಿ ಕತ್ತಲಾಗದೆ ಉಳಿಯುತ್ತದೆ.

ಕ್ಲಾಸಿಕ್ ಕ್ರೋಮ್ ಯಾವ ಫಿಲ್ಮಿನ ಅನುಕರಣೆ ಎಂದು ಫ್ಯೂಜಿ ಹೆಸರು ಹೇಳುವುದಿಲ್ಲ, ಸಾಕ್ಷ್ಯಚಿತ್ರದ ಗಾಂಭೀರ್ಯ ಎಂದಷ್ಟೇ ಹೇಳುತ್ತದೆ. ನೋಡಿದವರೆಲ್ಲ ಪಿಸುಗುಡುವುದು ಪ್ರತಿಸ್ಪರ್ಧಿಯ ಹೆಸರನ್ನು: ಕೊಡಾಕ್ರೋಮ್. 1935ರಿಂದ 2009ರವರೆಗೆ ತಯಾರಾದ ಆ ಫಿಲ್ಮಿಗೂ ನಮ್ಮ ದೇಶಕ್ಕೂ ಹತ್ತಿರದ ಸಂಬಂಧ. ಛಾಯಾಗ್ರಾಹಕ ರಘುಬೀರ್ ಸಿಂಗ್ ಭಾರತದ ಬೀದಿಗಳನ್ನು ಬಣ್ಣದಲ್ಲಿ ಕಂಡದ್ದು ಅದರಲ್ಲಿ. ಕಾರ್ಖಾನೆಯಿಂದ ಹೊರಬಂದ ಕಟ್ಟಕಡೆಯ ಕೊಡಾಕ್ರೋಮ್ ರೀಲನ್ನು ಛಾಯಾಗ್ರಾಹಕ ಸ್ಟೀವ್ ಮೆಕ್‌ಕರಿ ಕೈಗೆ ಕೊಟ್ಟಾಗ, ಆತ ಅದರ 36 ಫ್ರೇಮುಗಳಲ್ಲಿ ಒಂದಷ್ಟನ್ನು ಖರ್ಚು ಮಾಡಿದ್ದು ಮುಂಬೈಯ ಸಿನಿಮಾ ಮಂದಿಗೂ ರಾಜಸ್ಥಾನದ ರಬಾರಿ ಸಮುದಾಯದವರಿಗೂ. ಅದನ್ನು ಡೆವಲಪ್ ಮಾಡಿದ್ದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾರ್ಸನ್ಸ್ ಎಂಬ ಊರಿನ ಲ್ಯಾಬು. ಕೊಡಾಕ್ರೋಮ್ ತೊಳೆಯುವ ಕೊನೆಯ ಲ್ಯಾಬಾಗಿದ್ದ ಅದೂ 2010ರ ಡಿಸೆಂಬರಿನಲ್ಲಿ ಕೈಚೆಲ್ಲಿತು. ಹಂಪಿ, ಬಾದಾಮಿಯಂಥ ಕಲ್ಲು-ಧೂಳಿನ ಊರುಗಳಿಗೆ, ಬೆಳಗಿನ ಎಂಟರಿಂದ ಹತ್ತರ ಬಿಸಿಲಿಗೆ ನಾನು ಮೊದಲು ಆರಿಸುವುದು ಕ್ಲಾಸಿಕ್ ಕ್ರೋಮನ್ನೇ.

ಕಪ್ಪು-ಬಿಳುಪಿಗೆ ಅಕ್ರೋಸ್ ಇದೆ. ಇದರಲ್ಲಿ ಹಳದಿ, ಕೆಂಪು, ಹಸಿರು ಫಿಲ್ಟರುಗಳ ಆಯ್ಕೆಯುಂಟು; ಲೆನ್ಸಿನ ಮುಂದೆ ಗಾಜು ತಿರುಗಿಸಿ ಹಾಕುತ್ತಿದ್ದ ಕೆಲಸವನ್ನು ಪ್ರೊಸೆಸರ್ ಮಾಡುತ್ತದೆ. ಕೆಂಪು ಹಾಕಿದರೆ ನೀಲಿ ಆಕಾಶ ಕಪ್ಪಿಗೆ ತಿರುಗಿ, ಹಂಪಿಯ ಮಾತಂಗ ಬೆಟ್ಟದ ಬಂಡೆಗಳು ಎದ್ದು ನಿಲ್ಲುತ್ತವೆ. ಮುಖಕ್ಕೆ ಕೆಂಪು ಬೇಡ, ಮೈಬಣ್ಣ ತೆಳುವಾಗಿ ಚರ್ಮದ ಏರಿಳಿತ ಅಳಿಸಿಹೋಗುತ್ತದೆ, ಹಸಿರು ಒಳ್ಳೆಯದು. ಐಎಸ್‌ಒ ಏರಿದಂತೆ ಅಕ್ರೋಸಿನ ಕಾಳೂ ಫಿಲ್ಮಿನಂತೆ ದಪ್ಪವಾಗುತ್ತದೆ, ಹಾಗಾಗಿ ಇಲ್ಲಿ 3200ಕ್ಕೆ ಹೆದರಬೇಕಾಗಿಲ್ಲ. ಅಂದಹಾಗೆ, 1960ರ ದಶಕದಲ್ಲಿ ಪಕ್ಕದ ಊಟಿಯಲ್ಲಿ ಸರ್ಕಾರದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ಶುರುವಾಗಿ, ‘ಇಂದು’ ಎಂಬ ಹೆಸರಿನ ಕಪ್ಪು-ಬಿಳುಪು ರೀಲು ದೇಶದ ಸ್ಟುಡಿಯೊಗಳನ್ನೆಲ್ಲ ತಲುಪಿತ್ತು. ಅದರ ಸಿಮ್ಯುಲೇಷನ್ ಮಾತ್ರ ಯಾವ ಕಂಪನಿಯ ಮೆನುವಿನಲ್ಲೂ ಇಲ್ಲ. ಕಾರ್ಖಾನೆ ಮುಚ್ಚಿತು, ಬಣ್ಣದ ಲೆಕ್ಕ ಬರೆದಿಟ್ಟುಕೊಳ್ಳುವವರು ಇರಲಿಲ್ಲ.

ಎಟರ್ನಾ ಸಿನಿಮಾ ರೀಲಿನ ಹೆಸರು. ಫ್ಯೂಜಿ ಆ ರೀಲಿನ ತಯಾರಿಕೆಯನ್ನು 2013ರಲ್ಲೇ ನಿಲ್ಲಿಸಿತು. ಅದರ ಜೊತೆಗಿರುವ ಬ್ಲೀಚ್ ಬೈಪಾಸ್, ತೊಳೆಯುವಾಗ ಬ್ಲೀಚ್ ಹಂತ ಬಿಟ್ಟು ಬೆಳ್ಳಿಯನ್ನು ಫಿಲ್ಮಿನಲ್ಲೇ ಉಳಿಸುವ ಹಳೆಯ ತಂತ್ರದ ನಕಲು. ‘ರಾಶೊಮಾನ್’ ಚಿತ್ರದ ಛಾಯಾಗ್ರಾಹಕ ಕಜುವೊ ಮಿಯಾಗಾವ 1960ರ ಜಪಾನೀ ಚಿತ್ರವೊಂದರಲ್ಲಿ ಅದನ್ನು ಬಳಸಿದ್ದರು. ಚೆಂದವಿದೆ, ದಿನಬಳಕೆಗಲ್ಲ.

ಮೂರು ತಿರುಪು ಸಾಕು

ಸಿಮ್ಯುಲೇಷನ್ನಿನ ಮೇಲೆ ಇನ್ನಷ್ಟು ಕೈಯಾಡಿಸಲು ಫ್ಯೂಜಿ ಕೊಟ್ಟಿರುವ ತಿರುಪುಗಳಿಗೆ ಲೆಕ್ಕವಿಲ್ಲ. ಹೈಲೈಟ್, ಶ್ಯಾಡೊ, ಕಲರ್, ಶಾರ್ಪ್‌ನೆಸ್, ಕ್ಲಾರಿಟಿ, ಗ್ರೇನ್, ಕಲರ್ ಕ್ರೋಮ್, ವೈಟ್ ಬ್ಯಾಲೆನ್ಸ್ ಶಿಫ್ಟ್. ಇವನ್ನೆಲ್ಲ ಬೆರೆಸಿ ಜನ ‘ರೆಸಿಪಿ’ ಬರೆಯುತ್ತಾರೆ, ಹಂಚುತ್ತಾರೆ, ಸಂಗ್ರಹಿಸುತ್ತಾರೆ. ಕೆಲವರ ಬಳಿ ರೆಸಿಪಿಗಳಿರುವಷ್ಟು ಫೋಟೊಗಳಿಲ್ಲ. ಇನ್ನೊಂದು ದೇಶದ ಚಳಿಗಾಲದ ಓರೆಬಿಸಿಲಿಗೆ ಹೊಂದಿಸಿದ ರೆಸಿಪಿಯನ್ನು ರಾಯಚೂರಿನ ಏಪ್ರಿಲ್ಲಿಗೆ ಹಾಕಿದರೆ ಏನಾದೀತು? ಹೆಚ್ಚಿನ ರೆಸಿಪಿಗಳಲ್ಲಿ ಕೆಂಪನ್ನು ಏರಿಸಿ ನೀಲಿಯನ್ನು ಇಳಿಸುವ ಶಿಫ್ಟ್ ಇರುತ್ತದೆ. ನಮ್ಮ ಬಿಸಿಲು ಮೊದಲೇ ಹಳದಿ, ಅದರ ಮೇಲೆ ಇದೂ ಸೇರಿದರೆ ಊರಿಗೇ ಕಾಮಾಲೆ.

ನನಗೆ ಮುಖ್ಯವೆನಿಸುವ ತಿರುಪುಗಳು ಮೂರು. ಮೊದಲನೆಯದು ಡೈನಮಿಕ್ ರೇಂಜ್. ಡಿಆರ್200 ಎಂದರೆ ಕ್ಯಾಮೆರಾ ಒಂದು ಸ್ಟಾಪ್ ಕಡಿಮೆ ಬೆಳಕು ಹಿಡಿದು, ಆಕಾಶ ಸುಡದಂತೆ ಕಾಯ್ದು, ಆಮೇಲೆ ನೆರಳು ಮತ್ತು ನಡುಬೆಳಕನ್ನು ಎತ್ತುತ್ತದೆ. ಡಿಆರ್400 ಆದರೆ ಎರಡು ಸ್ಟಾಪ್. ಅದಕ್ಕಾಗಿಯೇ ಇವು ಹೆಚ್ಚಿನ ಐಎಸ್‌ಒ ಕೇಳುತ್ತವೆ: ಮೂಲ ಐಎಸ್‌ಒ 160 ಇರುವ ಕ್ಯಾಮೆರಾದಲ್ಲಿ 320 ಮತ್ತು 640, 125 ಇರುವ ಹೊಸ ಕ್ಯಾಮೆರಾಗಳಲ್ಲಿ 250 ಮತ್ತು 500. ಬಿಳಿ ಪಂಚೆ-ಶಲ್ಯದ ಗುಂಪು ಬಿಸಿಲಲ್ಲಿ ನಿಂತಿದ್ದರೆ ಡಿಆರ್400 ಇಲ್ಲದೆ ಕ್ಲಿಕ್ ಮಾಡಬೇಡಿ. ಉಳಿದೆರಡು, ಹೈಲೈಟ್ ಮತ್ತು ಶ್ಯಾಡೊ ಟೋನ್. ಎರಡನ್ನೂ ಮೈನಸ್ ಒಂದರಲ್ಲಿಟ್ಟು ಶುರುಮಾಡಿ. ಗ್ರೇನ್ ಬೇಕಾದರೆ ‘ವೀಕ್’, ‘ಸ್ಮಾಲ್’ ಸಾಕು. ‘ಸ್ಟ್ರಾಂಗ್’, ‘ಲಾರ್ಜ್’ ಹಾಕಿದ ಫೋಟೊಗೆ ಮುಪ್ಪಿನ ವೇಷ ಹಾಕಿದಂತಿರುತ್ತದೆ. ಕ್ಲಾರಿಟಿ ಮುಟ್ಟಿದರೆ ಹಲವು ಮಾಡೆಲುಗಳಲ್ಲಿ ಪ್ರತಿ ಕ್ಲಿಕ್ಕಿನ ನಂತರವೂ ಕ್ಯಾಮೆರಾ ಕ್ಷಣಹೊತ್ತು ತಡವರಿಸುತ್ತದೆ. ಧಾರೆ ಎರೆಯುವ ಹೊತ್ತಿಗೆ ಅದು ತಡವರಿಸಿದರೆ ಗತಿ?

ಆಯ್ಕೆ ತಪ್ಪಾದರೆ ಎಂಬ ಅಳುಕಿಗೆ ಪರಿಹಾರವಿದೆ. ಜೆಪೆಗ್ ಜೊತೆಗೆ ರಾ ಫೈಲನ್ನೂ ಉಳಿಸಿಕೊಳ್ಳಿ. ರಾ ಎಂದರೆ ರುಬ್ಬಿಟ್ಟ ಹಿಟ್ಟು. ದೋಸೆಯೋ ಪಡ್ಡೋ ಆಮೇಲೂ ನಿರ್ಧರಿಸಬಹುದು. ಅದಕ್ಕೆ ಕಂಪ್ಯೂಟರೇ ಬೇಕೆಂದಿಲ್ಲ. ಪ್ಲೇಬ್ಯಾಕಿನಲ್ಲಿ ಫೋಟೊ ತೆರೆದು ರಾ ಕನ್ವರ್ಷನ್ ಆರಿಸಿದರೆ ಬೇರೆ ಸಿಮ್ಯುಲೇಷನ್ನಿನಲ್ಲಿ ಹೊಸ ಜೆಪೆಗ್ ಕ್ಯಾಮೆರಾದಲ್ಲೇ ಸಿದ್ಧ. ಬಸ್ಸಿನಲ್ಲಿ ಕೂತು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ: ಒಂದೇ ಫೋಟೊವನ್ನು ಪ್ರೊವಿಯಾ, ಆಸ್ಟಿಯಾ, ಕ್ಲಾಸಿಕ್ ನೆಗ್ ಮೂರರಲ್ಲೂ ತೆಗೆದು ನೋಡಿದರೆ ಪುಸ್ತಕ ಓದುವುದು ತಪ್ಪುತ್ತದೆ.

ಕ್ಯಾಮೆರಾದಿಂದ ನೇರ ಬರುವ ಜೆಪೆಗ್‌ಗೆ ವೃತ್ತಿಪರರಲ್ಲೂ ಬೆಲೆ ಬಂದಿದೆ. 2015ರ ನವೆಂಬರಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ತನ್ನ ಫ್ರೀಲಾನ್ಸ್ ಛಾಯಾಗ್ರಾಹಕರಿಗೆ, ರಾ ಫೈಲಿನಿಂದ ತಯಾರಿಸಿದ ಚಿತ್ರ ಬೇಡ, ಕ್ಯಾಮೆರಾದ ಮೂಲ ಜೆಪೆಗ್ ಕಳಿಸಿ ಎಂದಿತು. ವೇಗ ಒಂದು ಕಾರಣ, ನಂಬಿಕೆ ಇನ್ನೊಂದು. ಆದರೆ ವೆಲ್ವಿಯಾದಲ್ಲಿ ತೆಗೆದ ನೆರೆಯ ಚಿತ್ರ, ಬ್ಲೀಚ್ ಬೈಪಾಸಿನಲ್ಲಿ ತೆಗೆದ ಲಾಠಿ ಪ್ರಹಾರದ ಚಿತ್ರ ಇವೂ ಕ್ಯಾಮೆರಾದ ಮೂಲ ಜೆಪೆಗ್ಗುಗಳೇ. ಮೂಲ ಎಂದ ಮಾತ್ರಕ್ಕೆ ನಿರ್ಲಿಪ್ತವಲ್ಲ. ಸುದ್ದಿಚಿತ್ರಕ್ಕೆ ಪ್ರೊವಿಯಾ ದಾಟಬಾರದು ಎಂಬುದು ನನ್ನ ಪಕ್ಷ.

ಫ್ಯೂಜಿಯೇ ಬೇಕೆಂದೇನೂ ಇಲ್ಲ. 2024ರ ಫೆಬ್ರುವರಿಯಲ್ಲಿ ಪ್ರಕಟವಾದ ಎಕ್ಸ್100ವಿಐಗೆ ಬೇಡಿಕೆ ಎಷ್ಟಿತ್ತೆಂದರೆ ಅಂಗಡಿಗಳಲ್ಲಿ ಕಾಯುವ ಪಟ್ಟಿ ಬೆಳೆಯಿತು. ಆ ಸಾಲಿನಲ್ಲಿ ನಿಲ್ಲದವರು ರೀಕೋ ಜಿಆರ್‌ನ ಪಾಸಿಟಿವ್ ಫಿಲ್ಮ್, ಪ್ಯಾನಾಸೋನಿಕ್‌ನ ಎಲ್.ಮೋನೊಕ್ರೋಮ್, ನಿಕಾನ್‌ನ ಪಿಕ್ಚರ್ ಕಂಟ್ರೋಲ್, ಸೋನಿಯ ಕ್ರಿಯೇಟಿವ್ ಲುಕ್‌ಗಳಲ್ಲಿ ಇದೇ ಅಭ್ಯಾಸ ಮಾಡಬಹುದು. ನಿಕಾನ್ ಝಡ್‌ಎಫ್‌ನಲ್ಲಿ ಕಪ್ಪು-ಬಿಳುಪಿಗೆ ಹೋಗಲು ಪ್ರತ್ಯೇಕ ಸ್ವಿಚ್ಚೇ ಇದೆ.

ಕೊನೆಯ ಹಂತ ಪ್ರಿಂಟಿನದು, ಹೆಚ್ಚಿನವರು ಎಡವುವುದೂ ಅಲ್ಲೇ. ಲ್ಯಾಬಿನ ಯಂತ್ರ ತನಗೆ ಕೊಟ್ಟ ಪ್ರತಿ ಫೋಟೊವನ್ನೂ ತಾನೇ ‘ತಿದ್ದುತ್ತದೆ’: ಕಿತ್ತಳೆ ಸಂಜೆಯನ್ನು ಬಿಳಿಯ ಕಡೆಗೆ ಎಳೆಯುತ್ತದೆ, ಎಟರ್ನಾದ ಮಂದ ನೆರಳಿಗೆ ಕಾಂಟ್ರಾಸ್ಟ್ ತುಂಬುತ್ತದೆ, ಅಕ್ರೋಸಿಗೆ ಒಮ್ಮೊಮ್ಮೆ ತೆಳುವಾಗಿ ನೇರಳೆ ಬಣ್ಣ ಹತ್ತಿಸುತ್ತದೆ. ಪೆನ್‌ಡ್ರೈವ್ ಕೊಡುವಾಗಲೇ ಕೌಂಟರಿನಲ್ಲಿರುವವರಿಗೆ ‘ಕರೆಕ್ಷನ್ ಏನೂ ಬೇಡ, ಇದ್ದ ಹಾಗೇ ಹಾಕಿ’ ಎಂದು ಹೇಳಿ. ಒಂದೇ ಫೋಟೊವನ್ನು ಮೊದಲು 4x6 ಅಳತೆಯಲ್ಲಿ ತೆಗೆಸಿ, ಅಂಗಡಿಯ ಟ್ಯೂಬ್‌ಲೈಟಿನ ಕೆಳಗಲ್ಲ, ಹೊರಗೆ ಫುಟ್‌ಪಾತಿನ ಹಗಲಿನಲ್ಲಿ ಹಿಡಿದು ನೋಡಿ. ಸರಿಯಿದ್ದರೆ ಮಿಕ್ಕವನ್ನು ಹಾಕಲು ಹೇಳಿ.